ಸ್ಟುಡಿಯೋದಿಂದ ಟ್ರಾನ್ಸ್‌ಮಿಟರ್‌ಗೆ ಇಂಟರ್ನೆಟ್ ಮೂಲಕ ಆಡಿಯೊ: 50 ವ್ಯಾಟ್ ಸಮುದಾಯ ಬಾನುಲಿಗೆ ಯಾವ ದಾರಿ?

ಹೋಬಳಿ ಬಾನುಲಿ (ಪ್ರಶ್ನೆ)

ನಮಸ್ಕಾರ. ಸ್ವಯಂಸೇವಾ ಸಂಸ್ಥೆಯೊಂದು ನಡೆಸುವ ಸಮುದಾಯ ಬಾನುಲಿಗೆ ಸ್ಟುಡಿಯೋ–ಟ್ರಾನ್ಸ್‌ಮಿಟರ್ ಲಿಂಕ್ ಹಾಕಬೇಕಿದೆ. ಸ್ಟುಡಿಯೋ ಇರುವುದು ಹೋಬಳಿ ಪೇಟೆಯಲ್ಲಿ. 50 ವ್ಯಾಟ್ ಟ್ರಾನ್ಸ್‌ಮಿಟರ್ ಮತ್ತು 30 ಮೀಟರ್ ಮಾಸ್ಟ್ ಇರುವುದು 6 ಕಿಲೊಮೀಟರ್ ಆಚೆಯ ದಿಣ್ಣೆಯ ಮೇಲೆ. ಪರವಾನಗಿಯಲ್ಲೂ ಅದೇ ಜಾಗ ನಮೂದಾಗಿದೆ. ನಡುವೆ ಅಡಿಕೆ ತೋಟ, ತೆಂಗು, ಒಂದು ಸಣ್ಣ ಗುಡ್ಡದ ಅಂಚು.

ಸ್ಟುಡಿಯೋದಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. ದಿಣ್ಣೆಯಲ್ಲಿ ಸದ್ಯಕ್ಕೆ ಎರಡು ಕಂಪನಿಗಳ 4ಜಿ ಮಾತ್ರ. ಪ್ರಸಾರ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಅದರಲ್ಲಿ ಎರಡು ಗಂಟೆ ಫೋನ್-ಇನ್ ನೇರ ಪ್ರಸಾರ, ಮಿಕ್ಕಿದ್ದೆಲ್ಲ ಮೊದಲೇ ರೆಕಾರ್ಡ್ ಮಾಡಿದ್ದು. ಈಗ ಪೆನ್‌ಡ್ರೈವ್ ಹಿಡಿದು ದಿಣ್ಣೆ ಹತ್ತಬೇಕು, ಹಾಗಾಗಿ ನೇರ ಪ್ರಸಾರದ ಮಾತೇ ಇಲ್ಲ.

ಕೇಳಬೇಕಾದ್ದು: ಐಸ್‌ಕಾಸ್ಟ್ (ನೆಟ್‌ನಲ್ಲಿ ಆಡಿಯೊ ಹರಿಸುವ ತಂತ್ರಾಂಶ) ಸರ್ವರ್ ಇಟ್ಟು ಆ ಕಡೆ ವಿಎಲ್‌ಸಿ ಪ್ಲೇಯರ್ ಓಡಿಸಿದರೆ ಸಾಕೇ? ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕೋ, ಆಡಿಯೊವನ್ನು ನೆಟ್ ಮೂಲಕ ಸಾಗಿಸಲೆಂದೇ ಮಾಡಿದ ರೆಡಿಮೇಡ್ ಐಪಿ ಕೋಡೆಕ್ ಪೆಟ್ಟಿಗೆಯೇ ಬೇಕೋ? ನೆಟ್ ಕೈಕೊಟ್ಟಾಗ ಏನು ಮಾಡುವುದು?

ಡೈಪೋಲ್ 88

ಇಂಟರ್ನೆಟ್‌ಗೆ ಹೋಗುವ ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ: ಸ್ಟುಡಿಯೋದ ತಾರಸಿಯಿಂದ ಮಾಸ್ಟ್‌ನ ಮೇಲ್ಭಾಗ ಬೈನಾಕ್ಯುಲರ್‌ನಲ್ಲಿ ಕಾಣಿಸುತ್ತದೆಯೇ? ಕಂಡರೆ 5.8 ಗಿಗಾಹರ್ಟ್ಸ್‌ನ ಪಾಯಿಂಟ್-ಟು-ಪಾಯಿಂಟ್ ಡಿಶ್ ಜೋಡಿಯೇ ಎಲ್ಲಕ್ಕಿಂತ ಒಳ್ಳೆಯದು. 5725ರಿಂದ 5875 ಮೆಗಾಹರ್ಟ್ಸ್ ಬ್ಯಾಂಡ್‌ಗೆ 2018ರ ಅಧಿಸೂಚನೆಯ ನಂತರ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಉಪಕರಣಕ್ಕೆ ಸರ್ಕಾರದ ಇಟಿಎ ಅನುಮೋದನೆ ಇರಬೇಕು, ಪವರ್ ಮಿತಿಯೊಳಗಿರಬೇಕು, ಅಷ್ಟೇ. ತಿಂಗಳ ಬಿಲ್ ಇಲ್ಲ, ವಿಳಂಬ ಕೆಲವೇ ಮಿಲಿಸೆಕೆಂಡ್.

ಆದರೆ 'ಕಾಣಿಸುವುದು' ಅಂದರೆ ಬರೀ ಕಣ್ಣಿಗಲ್ಲ. 6 ಕಿಲೊಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಮೊದಲ ಫ್ರೆನೆಲ್ ವಲಯದ (ದೃಷ್ಟಿರೇಖೆಯ ಸುತ್ತ ತರಂಗ ಸಾಗುವ ಜಾಗದ) ತ್ರಿಜ್ಯ ಸುಮಾರು 8.8 ಮೀಟರ್. ಅದರ ಶೇ. 60, ಅಂದರೆ ಐದೂಕಾಲು ಮೀಟರ್, ದೃಷ್ಟಿರೇಖೆಯ ಸುತ್ತ ಖಾಲಿ ಇರಬೇಕು. ಅಡಿಕೆ ಮರ ಹದಿನೈದು ಮೀಟರ್ ದಾಟುತ್ತದೆ, ವರ್ಷ ವರ್ಷ ಬೆಳೆಯುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಓಡಿದ ಲಿಂಕ್ ಮಳೆಗಾಲದಲ್ಲಿ ಸೋಗೆ ನೆನೆದ ಕೂಡಲೇ ಬೀಳುವುದು ಇದೇ ಕಾರಣಕ್ಕೆ. ನಿಮ್ಮ ವಿವರಣೆ ನೋಡಿದರೆ ಗುಡ್ಡದ ಅಂಚೇ ಅಡ್ಡ ಬರುವಂತಿದೆ. ಹಾಗಿದ್ದರೆ ಈ ದಾರಿ ಬಿಡಿ. ಸ್ಟುಡಿಯೋ ಕಡೆ ಕಂಬ ಎತ್ತರಿಸಿ ಸಾಧಿಸುವ ಹಟ ಬೇಡ, ಆ ದುಡ್ಡಿಗೆ ಎರಡು ಇಂಟರ್ನೆಟ್ ದಾರಿ ಮಾಡಿಕೊಳ್ಳಬಹುದು.

ಬಿಟ್‌ದಾರಿ

ಇಂಟರ್ನೆಟ್ ಲಿಂಕ್ ವಿಷಯಕ್ಕೆ ಬರೋಣ. ಲಿಂಕ್ ಕಡಿಯುತ್ತದೆ ಎಂದು ಒಪ್ಪಿಕೊಂಡೇ ಎಲ್ಲವನ್ನೂ ಜೋಡಿಸಬೇಕು. ಆದ್ದರಿಂದ ಬಫರ್, ಬದಲಿ ಆಡಿಯೊ, ಕೊನೆಯ ಲಿಮಿಟರ್ (ಆಡಿಯೊ ಮಟ್ಟ ಮಿತಿ ಮೀರದಂತೆ ತಡೆಯುವುದು) ಈ ಮೂರೂ ಟ್ರಾನ್ಸ್‌ಮಿಟರ್ ಕಡೆಗೇ ಇರಬೇಕು. ಸ್ಟುಡಿಯೋದಲ್ಲಿ ಎಷ್ಟು ದುಬಾರಿ ಸಾಮಾನು ಇಟ್ಟರೂ, ನೆಟ್ ಹೋದಾಗ ಗಾಳಿಗೆ ಹೋಗುವುದು ದಿಣ್ಣೆಯಲ್ಲಿ ಏನಿದೆಯೋ ಅದು ಮಾತ್ರ.

ಮೊದಲು ಡೇಟಾ ಲೆಕ್ಕ. ಓಪಸ್ ಕೋಡೆಕ್‌ನಲ್ಲಿ (ಆಡಿಯೊ ಕುಗ್ಗಿಸುವ ವಿಧಾನ) 128 ಕಿಲೊಬಿಟ್ ಸ್ಟೀರಿಯೊ, 20 ಮಿಲಿಸೆಕೆಂಡ್ ಫ್ರೇಮ್ ಅಂದರೆ ಸೆಕೆಂಡಿಗೆ 50 ಪ್ಯಾಕೆಟ್, ಪ್ರತಿಯೊಂದರಲ್ಲೂ 320 ಬೈಟ್ ಆಡಿಯೊ. ಅದಕ್ಕೆ ಐಪಿ, ಯುಡಿಪಿ, ಆರ್‌ಟಿಪಿ ಹೆಡರ್ 40 ಬೈಟ್, ಮೇಲೆ ವೈರ್‌ಗಾರ್ಡ್ ವಿಪಿಎನ್‌ನ (ಎರಡು ಕಡೆಯ ನಡುವೆ ನೆಟ್‌ನಲ್ಲಿ ಮಾಡಿಕೊಳ್ಳುವ ಗುಪ್ತ ದಾರಿ) 60 ಬೈಟ್. ಒಟ್ಟು ಸುಮಾರು 170 ಕಿಲೊಬಿಟ್, ದಿನಪೂರ್ತಿ ಬಿಟ್ಟರೆ 1.84 ಜಿಬಿ. ದಿನಕ್ಕೆ 1.5 ಜಿಬಿ ಕೊಡುವ ಸಿಮ್ ಹಾಕಿ ರಾತ್ರಿಯೂ ಎನ್‌ಕೋಡರ್ ಓಡಲು ಬಿಟ್ಟರೆ ಕೋಟಾ ಮುಗಿಯುವುದು ಸಂಜೆ ಏಳೂವರೆ–ಒಂಬತ್ತರ ನಡುವೆ. ಆಮೇಲೆ ಅಂಥ ಬಹಳಷ್ಟು ಪ್ಲಾನ್‌ಗಳು 64 ಕೆಬಿಪಿಎಸ್‌ಗೆ ಇಳಿಸುತ್ತವೆ. ಹೆಚ್ಚು ಜನ ಕೇಳುವ ಹೊತ್ತಿಗೇ ಸರಿಯಾಗಿ ಪ್ರಸಾರ ತುಂಡು ತುಂಡಾಗುತ್ತದೆ, ಹಗಲು ಹೋಗಿ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಿಮ್ಮ 16 ಗಂಟೆಗೆ ಮಾತ್ರ ಓಡಿಸಿದರೆ 1.22 ಜಿಬಿ.

ಇಷ್ಟಕ್ಕೂ ಮಾತೇ ಹೆಚ್ಚಿರುವ ಕೇಂದ್ರಕ್ಕೆ ಸ್ಟೀರಿಯೊ ಬೇಕೇ ಎಂದು ಯೋಚಿಸಿ. ಎಫ್‌ಎಂ ಸ್ಟೀರಿಯೊದಲ್ಲಿ ಸಿಗ್ನಲ್–ಗದ್ದಲ ಅನುಪಾತ ಮೊನೊಗಿಂತ ಸುಮಾರು 20 ಡಿಬಿ ಕೆಡುತ್ತದೆ. 50 ವ್ಯಾಟ್‌ನ ಅಂಚಿನ ಹಳ್ಳಿಯಲ್ಲಿ ಕೇಳಿಸುವ 'ಸ್ಸ್' ಶಬ್ದ ಬಹುಪಾಲು ಅದೇ. ಟ್ರಾನ್ಸ್‌ಮಿಟರ್‌ನಲ್ಲಿ ಪೈಲಟ್ (ಪ್ರಸಾರ ಸ್ಟೀರಿಯೊ ಎಂದು ರೇಡಿಯೊಗೆ ತಿಳಿಸುವ ಸಂಕೇತ) ಆಫ್ ಮಾಡಿ, 64 ಕಿಲೊಬಿಟ್ ಮೊನೊ ಓಪಸ್ ಕಳಿಸಿ. ಹೆಡರ್ ಎಲ್ಲ ಸೇರಿ 107 ಕಿಲೊಬಿಟ್, 16 ಗಂಟೆಗೆ 0.77 ಜಿಬಿ. ನನ್ನ ಮತ ಇದಕ್ಕೇ.

ಇನ್ನು ವಿಳಾಸದ ಸಮಸ್ಯೆ. 4ಜಿ ಸಿಮ್‌ಗೆ ಸಾರ್ವಜನಿಕ ಐಪಿವಿ4 ವಿಳಾಸ ಸಿಗುವುದಿಲ್ಲ, ಸಿಜಿನ್ಯಾಟ್ (ಕಂಪನಿ ಒಂದೇ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಹಿಂದೆ ಇರುತ್ತದೆ. ರೌಟರ್‌ನ ವ್ಯಾನ್ (ಹೊರಗಿನ ನೆಟ್ ಕಡೆಯ) ಐಪಿ 100.64ರಿಂದ 100.127ರ ಒಳಗೆ ಅಥವಾ 10ರಿಂದ ಶುರುವಾದರೆ ಹೊರಗಿನಿಂದ ಅದನ್ನು ತಲುಪಲು ಆಗದು. ಮನೆ ಬಳಕೆಯ ಫೈಬರ್‌ಗೂ ಈಗ ಎಷ್ಟೋ ಕಡೆ ಇದೇ ಪಾಡು. ಸ್ಟುಡಿಯೋ ಫೈಬರ್‌ಗೆ ಸ್ಟ್ಯಾಟಿಕ್ ಐಪಿ ಕೊಂಡು, ದಿಣ್ಣೆಯ ಪೆಟ್ಟಿಗೆಯೇ ಸ್ಟುಡಿಯೋಗೆ ಕರೆ ಮಾಡುವಂತೆ ಮಾಡಿ. ಇಲ್ಲವೇ ಮುಂಬೈ ಅಥವಾ ಬೆಂಗಳೂರಿನಲ್ಲಿ ಚಿಕ್ಕ ವಿಪಿಎಸ್ (ದೂರದ ಸರ್ವರ್‌ನ ಒಂದು ಪಾಲು) ಬಾಡಿಗೆಗೆ ತೆಗೆದುಕೊಂಡು, ಎರಡೂ ಕಡೆಯವು ಅದಕ್ಕೆ ವೈರ್‌ಗಾರ್ಡ್ ಮೂಲಕ ಸೇರುವಂತೆ ಮಾಡಿ. ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಖಾಲಿ ಪ್ಯಾಕೆಟ್) 25 ಸೆಕೆಂಡ್ ಇಡಿ, ಇಲ್ಲದಿದ್ದರೆ ಆಡಿಯೊ ನಿಂತಿರುವ ರಾತ್ರಿ ಹೊತ್ತು ನ್ಯಾಟ್ ದಾರಿ ಮುಚ್ಚಿಹೋಗಿ, ಬೆಳಿಗ್ಗೆ ಸ್ಟುಡಿಯೋದಿಂದ ದಿಣ್ಣೆಯನ್ನು ತಲುಪಲು ಆಗುವುದಿಲ್ಲ.

ಕೋಡೆಕ್ ಪೆಟ್ಟಿಗೆಯನ್ನು ಬರಿಯ ಪೋರ್ಟ್ ಫಾರ್ವರ್ಡ್ ಮಾಡಿ ಬಯಲಿಗೆ ಇಡಲೇಬೇಡಿ. 2016ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲೊರಾಡೊ ಮತ್ತು ಟೆಕ್ಸಾಸ್‌ನ ಎಫ್‌ಎಂ ಕೇಂದ್ರಗಳ ಐಪಿ ಲಿಂಕ್ ಪೆಟ್ಟಿಗೆಗಳಿಗೆ ಯಾರೋ ನುಗ್ಗಿ ಅಶ್ಲೀಲ ಮಾತಿನ ಪಾಡ್‌ಕಾಸ್ಟ್ ಪ್ರಸಾರ ಮಾಡಿಬಿಟ್ಟರು. ಪೆಟ್ಟಿಗೆ ವಿಪಿಎನ್ ಒಳಗಿರಲಿ, ಪಾಸ್‌ವರ್ಡ್ ಉದ್ದವಾಗಿರಲಿ.

ಹೋಬಳಿ ಬಾನುಲಿ

ಇಬ್ಬರಿಗೂ ಧನ್ಯವಾದ ಸರ್. ಗುಡ್ಡ ಅಡ್ಡ ಇರುವುದು ಖಚಿತವಾಯಿತು, ಡಿಶ್ ಆಗುವುದಿಲ್ಲ. ಪೈ 4 ಎರಡು ಇವೆ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಎಸ್‌ಆರ್‌ಟಿ (ಕಳೆದುಹೋದ ಪ್ಯಾಕೆಟ್ ಮತ್ತೆ ತರಿಸಿಕೊಳ್ಳುವ ಸ್ಟ್ರೀಮ್ ವಿಧಾನ) ಬಳಸಿ ಪ್ರಯೋಗ ಮಾಡುತ್ತಿದ್ದೇವೆ. 4ಜಿಯಲ್ಲಿ ಪಿಂಗ್ ಸರಾಸರಿ 55 ಮಿಲಿಸೆಕೆಂಡ್, ಸಂಜೆ ಒಮ್ಮೊಮ್ಮೆ 600 ದಾಟುತ್ತದೆ. ಲೇಟೆನ್ಸಿ (ಕಾಯುವ ಹೊತ್ತು) 2000 ಕೊಟ್ಟಿದ್ದರೂ ಆಡಿಯೊ ಕತ್ತರಿಸುತ್ತದೆ, ಯಾಕೆ?

ಬಿಟ್‌ದಾರಿ

ಎಫ್‌ಎಫ್‌ಎಂಪೆಗ್‌ನಲ್ಲಿ ಎಸ್‌ಆರ್‌ಟಿಯ ಲೇಟೆನ್ಸಿ ಮೈಕ್ರೊಸೆಕೆಂಡ್‌ನಲ್ಲಿ. ನೀವು ಕೊಟ್ಟಿರುವುದು 2 ಮಿಲಿಸೆಕೆಂಡ್! ಎಸ್‌ಆರ್‌ಟಿಯದೇ 'ಲೈವ್ ಟ್ರಾನ್ಸ್‌ಮಿಟ್' ಎಂಬ ಉಪಕರಣದಲ್ಲಿ ಅದೇ ಆಯ್ಕೆ ಮಿಲಿಸೆಕೆಂಡ್‌ನಲ್ಲಿದೆ, ಅದಕ್ಕೇ ಈ ಗೊಂದಲ. ಎರಡು ಸೆಕೆಂಡಿಗೆ 2000000 ಬರೆಯಿರಿ. ಕಳಿಸುವ ಕಡೆ, ಪಡೆಯುವ ಕಡೆ ಎರಡರಲ್ಲಿ ಯಾವುದು ದೊಡ್ಡದೋ ಅದೇ ಜಾರಿಗೆ ಬರುತ್ತದೆ. ಒಂದು ಕಡೆ ಏನೂ ಕೊಡದಿದ್ದರೆ ಅಲ್ಲಿ ಡೀಫಾಲ್ಟ್ 120 ಮಿಲಿಸೆಕೆಂಡ್. ಕಳೆದುಹೋದ ಪ್ಯಾಕೆಟ್ ಮತ್ತೆ ತರಿಸಿಕೊಳ್ಳಲು ಹೋಗಿಬರುವ ಹೊತ್ತಿನ ಮೂರು–ನಾಲ್ಕು ಪಟ್ಟು ಬೇಕು. ಆ ಹೊತ್ತು ಸರಾಸರಿ 55 ಅಲ್ಲ, ಸಂಜೆಯ ಕೆಟ್ಟ 600. ಹಾಗಾಗಿ 2.4 ಸೆಕೆಂಡ್, ನಾನಾದರೆ 3 ಇಡುತ್ತೇನೆ. ಎಸ್‌ಆರ್‌ಟಿ ಜೊತೆ ಎಂಪೆಗ್-ಟಿಎಸ್ ಹೊದಿಕೆಯೂ ಸೇರುವುದರಿಂದ 128 ಕಿಲೊಬಿಟ್‌ನ ಆಡಿಯೊಗೆ 200 ಕಿಲೊಬಿಟ್ ಎಂದು ಲೆಕ್ಕ ಹಾಕಿಕೊಳ್ಳಿ.

ಓಪಸ್‌ನ ಒಳಗಿನ ಎಫ್‌ಇಸಿ (ಕಳೆದುಹೋದದ್ದನ್ನು ತುಂಬಿಕೊಳ್ಳಲು ಹೆಚ್ಚುವರಿ ಮಾಹಿತಿ ಕಳಿಸುವುದು) ಆನ್ ಮಾಡಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಅದು ಕೆಲಸ ಮಾಡುವುದು ಕಡಿಮೆ ಬಿಟ್‌ರೇಟ್‌ನ ಮಾತಿಗೆ ಬಳಸುವ ಸಿಲ್ಕ್ ಭಾಗದಲ್ಲಿ ಮಾತ್ರ. 64, 128 ಕಿಲೊಬಿಟ್‌ನಲ್ಲಿ ಓಡುವುದು ಸೆಲ್ಟ್ ಎಂಬ ಇನ್ನೊಂದು ಭಾಗ, ಅಲ್ಲಿ ಅದರಿಂದ ಉಪಯೋಗವಿಲ್ಲ.

ಮುಂದೆ ಕಾಡುವ ಇನ್ನೊಂದು ತೊಂದರೆ ಈಗಲೇ ಹೇಳಿಬಿಡುತ್ತೇನೆ. ಎರಡು ಸೌಂಡ್‌ಕಾರ್ಡ್‌ಗಳ 48 ಕಿಲೊಹರ್ಟ್ಸ್ ಎಂದೂ ಒಂದೇ ಅಲ್ಲ. ಅವುಗಳ ಗಡಿಯಾರದ ಹರಳುಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೆ ದಿನಕ್ಕೆ 4.3 ಸೆಕೆಂಡ್ ಹಿಂದೆ ಮುಂದೆ. 2 ಸೆಕೆಂಡ್ ಬಫರ್ ಸುಮಾರು 11 ಗಂಟೆಯಲ್ಲಿ ಬರಿದಾಗುತ್ತದೆ, ಅಥವಾ ತುಂಬಿ ಚೆಲ್ಲುತ್ತದೆ. ಬೆಳಿಗ್ಗೆ 6ಕ್ಕೆ ಶುರುವಾದ ಪ್ರಸಾರ ಸಂಜೆ 5ರ ಹೊತ್ತಿಗೆ ಒಮ್ಮೆ ತುಂಡಾದರೆ ನೆಟ್‌ವರ್ಕ್ ಬೈಯಬೇಡಿ, ಗಡಿಯಾರ ನೋಡಿ. ಜಿಸ್ಟ್ರೀಮರ್ ಎಂಬ ಇನ್ನೊಂದು ತಂತ್ರಾಂಶ ಬಳಸುವುದಾದರೆ, ಅದರಲ್ಲಿ ಸೌಂಡ್‌ಕಾರ್ಡ್‌ಗೆ ಆಡಿಯೊ ಕಳಿಸುವ ಆಲ್ಸಾ ಸಿಂಕ್‌ನ 'ಸ್ಲೇವ್ ಮೆಥಡ್' ಡೀಫಾಲ್ಟ್ ಆಗಿ 'ಸ್ಕ್ಯೂ', ಅದು ನಡುವೆ ಹಾರಿಸಿ ಸರಿಮಾಡುತ್ತದೆ. ಅದನ್ನು 'ರಿಸ್ಯಾಂಪಲ್' ಮಾಡಿ, ವ್ಯತ್ಯಾಸ ಕಿವಿಗೆ ತಿಳಿಯದಂತೆ ಸರಿಹೋಗುತ್ತದೆ. ರೆಡಿಮೇಡ್ ಕೋಡೆಕ್‌ಗೆ ಹೆಚ್ಚು ಹಣ ಕೊಡುವುದರಲ್ಲಿ ದೊಡ್ಡ ಪಾಲು ಈ ಕೆಲಸಕ್ಕೇ. ಕೇಂದ್ರದಲ್ಲಿ ಲಿನಕ್ಸ್ ಬಲ್ಲವರು ಒಬ್ಬರಾದರೂ ಕಾಯಂ ಇದ್ದರೆ ಪೈ ಸಾಕು, ಇಲ್ಲದಿದ್ದರೆ ಪೆಟ್ಟಿಗೆಯನ್ನೇ ಕೊಳ್ಳಿ.

ಪೈ ಹಾಕುವುದಾದರೆ ಒಂದು ಸಿಕ್ಕು ಇದೆ. ಕರೆಂಟ್ ಹೋಗಿ ಎಸ್‌ಡಿ ಕಾರ್ಡ್ ಕೆಡಬಾರದೆಂದು ಓವರ್‌ಲೇ ಫೈಲ್‌ಸಿಸ್ಟಂ (ಕಾರ್ಡ್‌ಗೆ ಏನೂ ಬರೆಯದಂತೆ ಮಾಡುವ ವ್ಯವಸ್ಥೆ) ಆನ್ ಮಾಡುತ್ತೇವೆ, ಮಾಡಲೇಬೇಕು. ಆದರೆ ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಕೊನೆಯ ಸಮಯವನ್ನು ಕಾರ್ಡ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಓವರ್‌ಲೇ ಇದ್ದರೆ ಆ ಬರಹ ಉಳಿಯುವುದಿಲ್ಲ. ಮತ್ತೆ ಆನ್ ಆದಾಗ ಹಳೆಯ ತಾರೀಕು. ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನಲ್ಲಿ ಸಮಯದ ಮುದ್ರೆ ಇರುತ್ತದೆ, ಹಿಂದಿನದಕ್ಕಿಂತ ಹಳೆಯದು ಬಂದರೆ ಆ ಕಡೆಯದು ಸುಮ್ಮನೆ ತಿರಸ್ಕರಿಸುತ್ತದೆ. ಎನ್‌ಟಿಪಿಯನ್ನೂ (ನೆಟ್‌ನಿಂದ ಸರಿಯಾದ ಸಮಯ ತರುವುದು) ವಿಪಿಎನ್ ಒಳಗೇ ಹಾಯಿಸಿದ್ದರೆ ಮುಗಿಯಿತು: ಸಮಯ ಸರಿಯಾಗದೆ ವಿಪಿಎನ್ ಏಳದು, ವಿಪಿಎನ್ ಏಳದೆ ಸಮಯ ಸರಿಯಾಗದು. ಎನ್‌ಟಿಪಿ ವಿಪಿಎನ್ ಹೊರಗೆ ಹೋಗಲಿ, ಡಿಎಸ್3231 ಗಡಿಯಾರ ಮಾಡ್ಯೂಲ್ ಒಂದನ್ನು ಸಿಕ್ಕಿಸಿ.

ತೋಟದ ಮನೆ

ನನ್ನದು ಬೇರೆ ಅಭಿಪ್ರಾಯ. 16 ಗಂಟೆಯಲ್ಲಿ 14 ಗಂಟೆ ರೆಕಾರ್ಡ್ ಮಾಡಿದ್ದೇ ಆದರೆ ಅದನ್ನು ನೇರವಾಗಿ ಹರಿಸುವುದೇಕೆ? ರಾತ್ರಿ ಪ್ರಸಾರ ಮುಗಿದ ಮೇಲೆ ಮರುದಿನದ ಫೈಲ್‌ಗಳನ್ನೂ ಪ್ಲೇಲಿಸ್ಟನ್ನೂ ಆರ್‌ಸಿಂಕ್ ಎಂಬ ಫೈಲ್ ನಕಲು ತಂತ್ರಾಂಶದಿಂದ ದಿಣ್ಣೆಯ ಯಂತ್ರಕ್ಕೆ ಕಳಿಸಿ, ಅಲ್ಲಿಂದಲೇ ನುಡಿಸಿ. 14 ಗಂಟೆಯ 128 ಕಿಲೊಬಿಟ್ ಫೈಲ್ ಅಂದರೆ ಸುಮಾರು 0.8 ಜಿಬಿ. ಮರುಪ್ರಸಾರದ ಕಾರ್ಯಕ್ರಮಗಳು, ಜಿಂಗಲ್‌ಗಳು, ಹಾಡುಗಳು ಆಗಲೇ ಅಲ್ಲಿರುವುದರಿಂದ ನಿಜವಾಗಿ ಹೋಗಬೇಕಾದ್ದು ಅದರ ಒಂದು ಭಾಗ. ಆರ್‌ಸಿಂಕ್ ನಡುವೆ ಕಡಿದರೂ ಮತ್ತೆ ಓಡಿಸಿದರೆ ಉಳಿದ ಫೈಲ್‌ಗಳಿಂದ ಮುಂದುವರಿಸುತ್ತದೆ. ಎರಡು ಗಂಟೆಯ ನೇರ ಪ್ರಸಾರಕ್ಕೆ ಮಾತ್ರ ಎಸ್‌ಆರ್‌ಟಿ.

ದಿಣ್ಣೆಯಲ್ಲಿ ಲಿಕ್ವಿಡ್‌ಸೋಪ್ (ಯಾವಾಗ ಯಾವ ಆಡಿಯೊ ನುಡಿಸಬೇಕೆಂದು ನಿರ್ಧರಿಸುವ ತಂತ್ರಾಂಶ) ಹಾಕಿ, ಆದ್ಯತೆ ಹೀಗಿರಲಿ: ನೇರ ಸ್ಟ್ರೀಮ್ ಇದ್ದರೆ ಅದು, ಇಲ್ಲದಿದ್ದರೆ ದಿನದ ಪ್ಲೇಲಿಸ್ಟ್, ಅದೂ ಇಲ್ಲದಿದ್ದರೆ ಯಾವತ್ತೂ ಇರುವ ಒಂದು ಫೋಲ್ಡರ್‌ನ ಜನಪದ ಗೀತೆಗಳು. ನೆಟ್ ಇಡೀ ದಿನ ಹೋದರೂ ಕೇಳುಗರಿಗೆ ಗೊತ್ತಾಗುವುದು ಫೋನ್-ಇನ್ ತಪ್ಪಿದ್ದು ಮಾತ್ರ.

ಇಲ್ಲಿ ಎಡವುವುದು ಎಲ್ಲಿ ಅಂದರೆ, ಸ್ಟ್ರೀಮ್ ಕಡಿಯುವುದು ಬೇರೆ, ಮೌನ ಬೇರೆ. ಸ್ಟುಡಿಯೋ ಮಿಕ್ಸರ್‌ನ ಫೇಡರ್ ಇಳಿದಿದ್ದರೆ ಸ್ಟ್ರೀಮ್ ಆರೋಗ್ಯವಾಗಿಯೇ ಇರುತ್ತದೆ, ಅದರೊಳಗೆ ಬರುತ್ತಿರುವುದು ಮೌನ. ಹಾಗಾಗಿ ಮೌನ ಪತ್ತೆಯೂ ಬೇಕು: ಮೈನಸ್ 45 ಡಿಬಿಗಿಂತ ಕಡಿಮೆ 20 ಸೆಕೆಂಡ್ ಇದ್ದರೆ ಬದಲಿಗೆ ಹೋಗಲಿ. 5 ಸೆಕೆಂಡ್ ಇಟ್ಟರೆ ನಾಟಕದ ವಿರಾಮಕ್ಕೂ, ಫೋನ್ ಮಾಡಿದ ಅಜ್ಜಿ ಯೋಚಿಸುವ ಹೊತ್ತಿಗೂ ಹಾಡು ನುಗ್ಗಿಬಿಡುತ್ತದೆ.

ಐಸ್‌ಕಾಸ್ಟ್ ಕೇಳಿದ್ದಿರಿ. ಟಿಸಿಪಿ ಮೇಲೆ ಓಡುವುದರಿಂದ ಪ್ಯಾಕೆಟ್ ಕಳೆದಾಗ ಆಡಿಯೊ ನಿಂತು ಕಾಯುತ್ತದೆ, ಪ್ರತಿ ಸಲವೂ ವಿಳಂಬ ಕೂಡುತ್ತಾ ಹೋಗುತ್ತದೆ. 10 ಸೆಕೆಂಡ್ ಬಫರ್ ಇಟ್ಟರೆ ಎರಡನೆಯ ದಾರಿಯಾಗಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ವಿಎಲ್‌ಸಿ ಮಾತ್ರ ಬೇಡ, ಸ್ಟ್ರೀಮ್ ಕಡಿದ ಮೇಲೆ ತಾನಾಗಿ ಮತ್ತೆ ಸೇರುತ್ತದೆಂಬ ಭರವಸೆ ಇಲ್ಲ.

ಬಿಟ್‌ದಾರಿ

ತೋಟದ ಮನೆಯವರ ವಿಧಾನ ಇವರಿಗೆ ನಿಜಕ್ಕೂ ಹೊಂದುತ್ತದೆ, ನಾನು ಇಡೀ ದಿನದ ಸ್ಟ್ರೀಮ್ ಎಂದೇ ಯೋಚಿಸುತ್ತಿದ್ದೆ. ಒಂದು ಎಚ್ಚರಿಕೆ: ಪ್ಲೇಲಿಸ್ಟ್‌ನಲ್ಲಿ ಕೊನೆ ಗಳಿಗೆಯ ಬದಲಾವಣೆ ಮಾಡುವ ಅಭ್ಯಾಸ ನಿಲ್ಲಬೇಕು, ಅಥವಾ ಗಂಟೆಗೊಮ್ಮೆ ಸಿಂಕ್ ಆಗುವಂತೆ ಮಾಡಬೇಕು. ಹಗಲು ಸಿಂಕ್ ಮಾಡುವಾಗ ಆರ್‌ಸಿಂಕ್‌ಗೆ ವೇಗದ ಮಿತಿ ಹಾಕಿ, ಇಲ್ಲದಿದ್ದರೆ ಅದೇ 4ಜಿಯಲ್ಲಿ ಬರುತ್ತಿರುವ ನೇರ ಪ್ರಸಾರವನ್ನು ಅದು ಒತ್ತಿಬಿಡುತ್ತದೆ.

ಎರಡು ಸಿಮ್ ಬೇರೆ ಬೇರೆ ಕಂಪನಿಯದಿರಲಿ. ಮುಂದೆ ದಿಣ್ಣೆಗೆ ಫೈಬರ್ ಬಂದರೂ ಅದೇ ಕಂಪನಿಯ ಸಿಮ್ ಅನ್ನು ಬದಲಿ ದಾರಿ ಎಂದುಕೊಳ್ಳಬೇಡಿ. ಮೊಬೈಲ್ ಟವರ್‌ಗೆ ಹೋಗುವ ಕೇಬಲ್ಲೂ ನಿಮ್ಮ ಫೈಬರ್ ಕೇಬಲ್ಲೂ ಒಂದೇ ರಸ್ತೆ ಬದಿಯ ಕಾಲುವೆಯಲ್ಲಿ ಮಲಗಿರುತ್ತವೆ, ರಸ್ತೆ ಅಗಲ ಮಾಡುವ ಜೆಸಿಬಿ ಎರಡನ್ನೂ ಒಟ್ಟಿಗೇ ಕಿತ್ತುಹಾಕುತ್ತದೆ.

ಡೈಪೋಲ್ 88

ಲಿಂಕ್‌ನ ಚರ್ಚೆಯಲ್ಲಿ ಎಫ್‌ಎಂ ಕಡೆಯದು ಉಳಿದುಹೋಗಬಾರದು.

ಆಡಿಯೊ ಪ್ರಾಸೆಸರ್ ಅಥವಾ ಲಿಮಿಟರ್ ಅನ್ನು ಸ್ಟುಡಿಯೋದಲ್ಲಿಟ್ಟು, ಅದರ ಔಟ್‌ಪುಟ್ ಅನ್ನು ಓಪಸ್ ಅಥವಾ ಎಂಪಿ3 ಮೂಲಕ ಕಳಿಸಿದರೆ ಲಿಮಿಟರ್ ಕೂರಿಸಿದ ಶಿಖರಗಳು ಡಿಕೋಡ್ ಆಗುವಾಗ ಮತ್ತೆ ಏಳುತ್ತವೆ, ಒಂದೆರಡು ಡಿಬಿ ಸಲೀಸಾಗಿ. ಡೀವಿಯೇಷನ್ (ಆಡಿಯೊಗೆ ತಕ್ಕಂತೆ ಎಫ್‌ಎಂ ತರಂಗಾಂತರ ಅತ್ತಿತ್ತ ಸರಿಯುವುದು) ±75 ಕಿಲೊಹರ್ಟ್ಸ್ ದಾಟುತ್ತದೆ. ಅದಾಗಬಾರದೆಂದು ಮಟ್ಟ ಇಳಿಸಿದರೆ ಪ್ರಸಾರ ಸಣ್ಣಗೆ ಕೇಳಿಸುತ್ತದೆ. ಸ್ಟುಡಿಯೋದಿಂದ ಸಡಿಲವಾಗಿ, ಸರಾಸರಿ ಮೈನಸ್ 18 ಡಿಬಿಎಫ್‌ಎಸ್ (ಡಿಜಿಟಲ್ ಗರಿಷ್ಠ ಮಟ್ಟಕ್ಕಿಂತ 18 ಡಿಬಿ ಕೆಳಗೆ) ಸುತ್ತ ಕಳಿಸಿ. ಬಿಗಿ ಮಾಡುವ ಕೆಲಸವೆಲ್ಲ ದಿಣ್ಣೆಯಲ್ಲೇ ಆಗಲಿ.

ಪ್ರೀ-ಎಂಫಸಿಸ್ (ಪ್ರಸಾರಕ್ಕೆ ಮುಂಚೆ ಕೀಚು ಸ್ವರಗಳನ್ನು ಏರಿಸುವುದು) ನಮ್ಮಲ್ಲಿ 50 ಮೈಕ್ರೊಸೆಕೆಂಡ್. ಅಗ್ಗದ ಟ್ರಾನ್ಸ್‌ಮಿಟರ್‌ಗಳು ಅಮೆರಿಕದ 75ಕ್ಕೆ ಇಟ್ಟು ಬಂದಿರುವುದುಂಟು, ಆಗ 'ಸ', 'ಶ' ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ಪ್ರಾಸೆಸರ್‌ನಲ್ಲೋ ಟ್ರಾನ್ಸ್‌ಮಿಟರ್‌ನಲ್ಲೋ ಒಂದೇ ಕಡೆ ಆನ್ ಇರಬೇಕು, ಎರಡೂ ಕಡೆ ಇದ್ದರೆ ಇನ್ನೂ ಕರ್ಕಶ. ಸ್ಟೀರಿಯೊ ಇಟ್ಟುಕೊಳ್ಳುವುದಾದರೆ 15 ಕಿಲೊಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸುವ ಫಿಲ್ಟರ್ ಸ್ಟೀರಿಯೊ ಕೋಡರ್‌ನಲ್ಲಿ ಇದೆಯೇ ನೋಡಿ. ಓಪಸ್ 20 ಕಿಲೊಹರ್ಟ್ಸ್‌ವರೆಗೂ ಹಾಯಿಸುತ್ತದೆ, ಅದು 19ರ ಪೈಲಟ್‌ಗೆ ತಾಗಿದರೆ ಸಿಳ್ಳೆಯಂಥ ಶಬ್ದ ಬರುತ್ತದೆ.

50 ವ್ಯಾಟ್ ಆಂಟೆನಾದ ಬುಡದಲ್ಲೇ ಪೈ ಇಡುತ್ತಿದ್ದೀರಿ. ಆರ್‌ಸಿಎ ಪಿನ್‌ನ ಉದ್ದ ವೈರ್ ನೇರ ಆಂಟೆನಾದಂತೆ ಕೆಲಸ ಮಾಡಿ ಆಡಿಯೊಗೆ 'ಬುರ್ರ್' ತುಂಬುತ್ತದೆ. ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಔಟ್‌ಪುಟ್ ಇರುವ ಕಾರ್ಡ್ ಹಾಕಿ, ಇಲ್ಲವೇ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ನಡುವೆ ಇಡಿ. ಪವರ್, ಈಥರ್ನೆಟ್, ಆಡಿಯೊ ಮೂರೂ ವೈರ್‌ಗಳಿಗೆ ಪೈಯ ಹತ್ತಿರವೇ ಫೆರೈಟ್ ಕ್ಲಿಪ್. ಈ ತರಂಗಾಂತರಕ್ಕೆ 43 ಮಿಕ್ಸ್ ಎಂಬ ಬಗೆಯ ಫೆರೈಟ್ ಸರಿ. ಎಲ್ಲವೂ ಅರ್ಥ್ ಮಾಡಿದ ಕಬ್ಬಿಣದ ಪೆಟ್ಟಿಗೆಯೊಳಗಿರಲಿ.

ಪೈಗೂ ರೌಟರ್‌ಗೂ ಇನ್ವರ್ಟರ್ ಬೇಡ, ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಇಡಿ. ಎರಡೂ ಸೇರಿ 15 ವ್ಯಾಟ್ ಎಂದುಕೊಂಡರೆ 40 ಆಂಪಿಯರ್-ಅವರ್‌ನ ಬ್ಯಾಟರಿ ಅರ್ಧ ಬರಿದಾಗುವಷ್ಟರಲ್ಲಿ 16 ಗಂಟೆ ನಡೆಸುತ್ತದೆ. ಟ್ರಾನ್ಸ್‌ಮಿಟರ್ ಆರಿಹೋದರೂ ಸ್ಟುಡಿಯೋದಿಂದ ಒಳಹೊಕ್ಕು ಏನಾಯಿತೆಂದು ನೋಡಬಹುದು.

ಸ್ಟುಡಿಯೋದಲ್ಲಿ ನಿರೂಪಕರು ಹೆಡ್‌ಫೋನ್‌ನಲ್ಲಿ ರೇಡಿಯೊ ಕೇಳುವ ಅಭ್ಯಾಸ ಇದ್ದರೆ ಬಿಡಿಸಿ, ಮೂರು ಸೆಕೆಂಡ್ ತಡವಾಗಿ ಬರುವ ತಮ್ಮದೇ ದನಿ ಕೇಳುತ್ತಾ ಮಾತಾಡಲು ಆಗದು. ಮಿಕ್ಸರ್‌ನಿಂದಲೇ ಕೇಳಲಿ. ಫೋನ್-ಇನ್‌ಗೆ ಕರೆ ಮಾಡಿದವರಿಗೆ ರೇಡಿಯೊ ಆರಿಸಲು ಹೇಳಿ. ಹಾಗೆಂದು ಸ್ಟುಡಿಯೋದಲ್ಲಿ ಎಫ್‌ಎಂ ರಿಸೀವರ್ ಬೇಡವೆಂದಲ್ಲ. ಮೂರು ತಿಂಗಳು ಕಾಪಿಡಬೇಕಾದ ರೆಕಾರ್ಡಿಂಗ್ ಅದರಿಂದಲೇ ಆಗಲಿ, ನಿಜವಾಗಿ ಗಾಳಿಗೆ ಹೋದದ್ದು ಅದೊಂದೇ.

ತೋಟದ ಮನೆ

ಸಿಡಿಲಿನ ಬಗ್ಗೆ ಸೇರಿಸುತ್ತೇನೆ. 4ಜಿ ಸಿಗ್ನಲ್‌ಗಾಗಿ ರೌಟರನ್ನು ಮಾಸ್ಟ್ ಮೇಲೆ ಕಟ್ಟಿ ಈಥರ್ನೆಟ್ ಕೇಬಲ್ ಕೆಳಗಿಳಿಸುವ ಯೋಚನೆ ಇದ್ದರೆ, ನಡುವೆ ಮೀಡಿಯಾ ಕನ್ವರ್ಟರ್ (ಈಥರ್ನೆಟ್ಟನ್ನು ಫೈಬರ್‌ಗೆ ಬದಲಿಸುವ ಪೆಟ್ಟಿಗೆ) ಜೋಡಿ ಹಾಕಿ ಐದಾರು ಮೀಟರ್ ಫೈಬರ್ ತುಂಡಿನ ಮೂಲಕ ದಾಟಿಸಿ. ಗಾಜಿನಲ್ಲಿ ಕರೆಂಟ್ ಹರಿಯದು, ಮೇಲಿನ ರೌಟರ್ ಸುಟ್ಟರೂ ಪೈ ಮತ್ತು ಟ್ರಾನ್ಸ್‌ಮಿಟರ್ ಉಳಿಯುತ್ತವೆ. ಮೇಲಿನ ಕನ್ವರ್ಟರ್ ಮತ್ತು ರೌಟರ್‌ಗೆ ಪವರ್ ತಂತಿ ಹೇಗೂ ಹೋಗಬೇಕಲ್ಲ, ಅದು ಕೊಠಡಿಯೊಳಗೆ ಬರುವ ಜಾಗದಲ್ಲಿ ಡಿಸಿ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಅರ್ಥನ್ನೂ ಮಾಸ್ಟ್‌ನ ಅರ್ಥನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಒಂದು ಮಾಡಿ. ಬೇರೆ ಬೇರೆ ಅರ್ಥ್ ಗುಂಡಿ ಇದ್ದರೆ ಸಿಡಿಲು ಬಡಿದಾಗ ಅವೆರಡರ ನಡುವಿನ ವೋಲ್ಟೇಜ್ ಹರಿಯುವುದು ನಿಮ್ಮ ಆಡಿಯೊ ವೈರ್ ಮೂಲಕ. ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ಗುಡುಗು ಮಳೆ ಶುರುವಾಗುವುದರೊಳಗೆ ಅರ್ಥ್ ರೆಸಿಸ್ಟೆನ್ಸ್ ಅಳೆಸಿ, 5 ಓಮ್‌ಗಿಂತ ಕೆಳಗೆ ಬರುವವರೆಗೆ ಗುಂಡಿಗೆ ನೀರು, ಬೆಂಟೊನೈಟ್ ಹಾಕಿಸಿ.